ಬೀಗದ ಕೈ ಯಾರಲ್ಲಿ?

ಹೊಸ ಬೀಗ ಕೊಂಡವರು ಅಂಗಡಿಯಲ್ಲೇ ನಿಂತು ಬೀಗದ ಕೈಗಳನ್ನು ಎಣಿಸಿಕೊಳ್ಳುತ್ತಾರೆ. ಎರಡೋ ಮೂರೋ ಇದ್ದರೆ ಸಮಾಧಾನ. ಇನ್ನೊಂದನ್ನು ಬೀಗ ಮಾಡಿದವನು ತನ್ನಲ್ಲೇ ಇಟ್ಟುಕೊಂಡಿಲ್ಲವೆಂದು ತಿಳಿಯುವ ಉಪಾಯ ಮಾತ್ರ ಅವರಿಗಿಲ್ಲ. ಬೇಕಾದರೆ ಬೀಗವನ್ನು ಬಿಚ್ಚಿ ನೋಡಬಹುದು. ಬಿಚ್ಚಿದರೂ ಕಾಣುವುದು ಬೀಗದ ಒಳಗೇ ಹೊರತು ಮಾಡಿದವನ ಮನಸ್ಸಲ್ಲ.

ಜೇಬಿನಲ್ಲಿರುವ ಸ್ಮಾರ್ಟ್ ಫೋನಿನ ಕಥೆಯೂ ಇದೇ. ಮನೆಯ ಲೆಕ್ಕ, ಮಕ್ಕಳ ಚಿತ್ರ, ವೈದ್ಯರ ಚೀಟಿ, ಬ್ಯಾಂಕಿನ ಖಾತೆ ಎಲ್ಲವೂ ಈಗ ಅದರೊಳಗಿವೆ. ಇವನ್ನು ಕಾಯುವ ಬೀಗವೆಂದರೆ ಫೋನಿನ ಆಪರೇಟಿಂಗ್ ಸಿಸ್ಟಂ. ಜಗತ್ತಿನ ಬಹುಪಾಲು ಫೋನುಗಳಲ್ಲಿ ಅದು ಗೂಗಲ್ ಸಂಸ್ಥೆಯ ಆಂಡ್ರಾಯ್ಡ್. ಉಳಿದವುಗಳಲ್ಲಿ ಹೆಚ್ಚಿನವು ಆಪಲ್ ಕಂಪನಿಯ ಐಫೋನುಗಳು. ಈ ಎರಡೂ ಬೇಡವೆಂದು ಲಿನೇಜ್, ಗ್ರಾಫೀನ್, ಇ ಮುಂತಾದ ಹೆಸರಿನ ಪರ್ಯಾಯ ತಂತ್ರಾಂಶಗಳನ್ನು ತಾವೇ ಫೋನಿಗೆ ತುಂಬಿಕೊಳ್ಳುವವರ ಒಂದು ಸಣ್ಣ ಪಂಗಡ ಇದೆ. ಈ ತಂತ್ರಾಂಶಗಳು ಮುಕ್ತವಾದವು. ಎಂದರೆ, ಇವುಗಳ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಓದಬಹುದಾದ್ದರಿಂದ ನಂಬಬಹುದು ಎಂಬುದು ಇವುಗಳ ಪರವಾದ ವಾದ. ಈ ವಾದಕ್ಕೆ ನಲವತ್ತು ವರ್ಷ ದಾಟಿದೆ. ಸೋಜಿಗವೆಂದರೆ ಇದಕ್ಕೆ ಎದ್ದ ಆಕ್ಷೇಪಕ್ಕೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು.

ಅಮೆರಿಕದ ಎಂಐಟಿಯಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಮೂಲಬರಹ ಎಲ್ಲರಿಗೂ ತೆರೆದಿರಬೇಕೆಂಬ ನಿಲುವಿನಿಂದ ಗ್ನೂ ಯೋಜನೆಯನ್ನು ಸಾರಿದ್ದು 1983ರ ಸೆಪ್ಟೆಂಬರಿನಲ್ಲಿ. ಆ ವರ್ಷದ ಟ್ಯೂರಿಂಗ್ ಪ್ರಶಸ್ತಿ ಯೂನಿಕ್ಸ್ ವ್ಯವಸ್ಥೆಯ ಜನಕರಾದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರದಾಯಿತು. ಪ್ರಶಸ್ತಿ ಪಡೆದ ಥಾಂಪ್ಸನ್ ತಮ್ಮ ಸಾಧನೆಯನ್ನು ಹೇಳಿಕೊಳ್ಳುವ ಬದಲು ಒಂದು ಕಳ್ಳತನದ ವಿದ್ಯೆಯನ್ನು ವಿವರಿಸಿದರು. ಆ ಭಾಷಣ 1984ರಲ್ಲಿ ಅಚ್ಚಾಯಿತು.

ಮನುಷ್ಯರು ಓದುವಂತೆ ಬರೆದ ಮೂಲಬರಹವನ್ನು ಯಂತ್ರದ ಭಾಷೆಗೆ ತಿರುಗಿಸುವುದು ಕಂಪೈಲರ್ ಎಂಬ ಇನ್ನೊಂದು ತಂತ್ರಾಂಶ. ಅದನ್ನು ಅನುವಾದಕ ಎನ್ನೋಣ. ಗುಪ್ತಪದ ಕೇಳಿ ಒಳಗೆ ಬಿಡುವ ಕಾರ್ಯಕ್ರಮ ಎದುರಾದಾಗ ಅದರಲ್ಲೊಂದು ಕಳ್ಳಬಾಗಿಲನ್ನು ಈ ಅನುವಾದಕ ತಾನಾಗಿಯೇ ಸೇರಿಸುವಂತೆ ಮಾಡಬಹುದು. ಆದರೆ ಅನುವಾದಕನ ಮೂಲಬರಹ ಓದಿದವರು ಕಳ್ಳತನವನ್ನು ಹಿಡಿದುಬಿಡುತ್ತಾರಲ್ಲ? ಥಾಂಪ್ಸನ್ ಅದಕ್ಕೂ ದಾರಿ ತೋರಿಸಿದರು. ಅನುವಾದಕ ತನ್ನದೇ ಹೊಸ ಪ್ರತಿಯನ್ನು ತಯಾರಿಸುವಾಗ ಈ ಕುತಂತ್ರವನ್ನು ಮತ್ತೆ ಅದರೊಳಗೆ ತುರುಕುವಂತೆ ಮಾಡಿ, ಆಮೇಲೆ ಮೂಲಬರಹದಿಂದ ಅದರ ಗುರುತನ್ನೆಲ್ಲ ಅಳಿಸಿಬಿಡುವುದು. ಮೂಲಗ್ರಂಥ ನಿರ್ದುಷ್ಟ, ಅನುವಾದಕನೇ ಕಳ್ಳ! ಅಕ್ಷರ ಅಕ್ಷರ ಓದಿದರೂ ಏನೂ ಸಿಕ್ಕುವುದಿಲ್ಲ. ತಾನೇ ಸಂಪೂರ್ಣವಾಗಿ ಬರೆಯದ ತಂತ್ರಾಂಶವನ್ನು ನಂಬುವುದೆಂದರೆ ಕೊನೆಗೆ ಅದನ್ನು ಬರೆದ ಮನುಷ್ಯರನ್ನು ನಂಬುವುದೇ ಎಂದು ಅವರ ಮಾತಿನ ತಾತ್ಪರ್ಯ.

ಆಗಿನ್ನೂ ಜೇಬಿಗೆ ಹೋಗುವ ಫೋನುಗಳಿರಲಿಲ್ಲ. ಗೂಗಲ್ 2005ರಲ್ಲಿ ಕೊಂಡುಕೊಂಡ ಆಂಡ್ರಾಯ್ಡ್ ಎಂಬ ಸಣ್ಣ ಕಂಪನಿಯ ಕೂಸು 2007ರ ನವೆಂಬರಿನಲ್ಲಿ ಪ್ರಕಟವಾಗಿ, ಮರುವರ್ಷ ಅಕ್ಟೋಬರಿನಲ್ಲಿ ಮೊದಲ ಫೋನಾಗಿ ಮಾರುಕಟ್ಟೆಗೆ ಬಂತು. ಲಿನಕ್ಸ್ ತಳಹದಿಯ ಮೇಲೆ ಕಟ್ಟಿದ ಇದರ ಮೂಲಬರಹವನ್ನು ಗೂಗಲ್ ಎಲ್ಲರಿಗೂ ತೆರೆದಿಟ್ಟಿತು. ಸ್ಟೀವ್ ಕಾಂಡಿಕ್ ಎಂಬ ತಂತ್ರಜ್ಞ ಅದನ್ನು ತಿದ್ದಿ, ಸಯನೋಜೆನ್‌ಮಾಡ್ ಎಂಬ ಹೆಸರಿನಲ್ಲಿ ಹಂಚತೊಡಗಿದರು. 2009ರ ಸೆಪ್ಟೆಂಬರಿನಲ್ಲಿ ಅವರಿಗೆ ಗೂಗಲ್‌ನ ವಕೀಲರ ಪತ್ರ ಬಂತು. ಆಂಡ್ರಾಯ್ಡ್ ಮುಕ್ತ ನಿಜ. ಆದರೆ ಅದರ ಜೊತೆ ಬರುವ ಜೀಮೇಲ್, ನಕ್ಷೆ, ಯೂಟ್ಯೂಬ್, ಆಪ್‌ಗಳ ಅಂಗಡಿ ಗೂಗಲ್‌ನ ಸ್ವತ್ತು, ಅವನ್ನು ಹಂಚುವಂತಿಲ್ಲ ಎಂಬುದು ಅದರ ಸಾರ. ಕಾಂಡಿಕ್ ಅವನ್ನು ತೆಗೆದುಹಾಕಿದರು. ಮನೆ ಎಲ್ಲರದು, ಬಾವಿ ಮಾತ್ರ ನಮ್ಮದು ಎಂದಂತಾಯಿತು. ಮುಂದಿನ ವರ್ಷಗಳಲ್ಲಿ ಫೋನಿನ ಹಲವು ಮುಖ್ಯ ಕೆಲಸಗಳು ಮುಕ್ತ ಭಾಗದಿಂದ ಒಂದೊಂದಾಗಿ ಈ ಮುಚ್ಚಿದ ಭಾಗಕ್ಕೆ ಸರಿದವು.

ಬಾವಿಯ ಒಡೆತನದ ಬಲ ಎಷ್ಟೆಂಬುದು ನ್ಯಾಯದ ಕಟ್ಟೆ ಹತ್ತಿದ ಮೇಲೆ ಗೊತ್ತಾಯಿತು. ಗೂಗಲ್‌ನ ಆಪ್‌ಗಳು ಬೇಕಾದ ತಯಾರಕರು ಆಂಡ್ರಾಯ್ಡಿನ ಬೇರೆ ರೂಪಗಳಿರುವ ಒಂದು ಫೋನನ್ನೂ ಮಾರಕೂಡದೆಂಬ ಷರತ್ತು ಒಪ್ಪಂದಗಳಲ್ಲಿತ್ತು. ಇದನ್ನೂ ಒಂದು ಕಾರಣವಾಗಿಸಿ ಐರೋಪ್ಯ ಆಯೋಗ 2018ರಲ್ಲಿ ಗೂಗಲ್‌ಗೆ 434 ಕೋಟಿ ಯೂರೋ ದಂಡ ಹಾಕಿತು. 2022ರಲ್ಲಿ ಅಲ್ಲಿನ ನ್ಯಾಯಾಲಯ ಅದನ್ನು 412.5 ಕೋಟಿಗೆ ಇಳಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಭಾರತದ ಸ್ಪರ್ಧಾ ಆಯೋಗವೂ ಆಂಡ್ರಾಯ್ಡ್ ವಿಷಯದಲ್ಲಿ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು.

ದುಡ್ಡಿನ ಜಗಳ ಒಂದಾದರೆ ಗುಟ್ಟಿನದು ಇನ್ನೊಂದು. ಸ್ಥಳದ ಇತಿಹಾಸ ದಾಖಲಿಸಬೇಡ ಎಂದು ಫೋನಿಗೆ ಹೇಳಿದ ಮೇಲೂ ಗೂಗಲ್ ಬೇರೆ ದಾರಿಯಿಂದ ಅದನ್ನು ದಾಖಲಿಸುತ್ತಿತ್ತೆಂದು ಅಸೋಸಿಯೇಟೆಡ್ ಪ್ರೆಸ್ 2018ರಲ್ಲಿ ಬಯಲಿಗೆಳೆಯಿತು. ಅಮೆರಿಕದ 40 ರಾಜ್ಯಗಳೊಂದಿಗೆ 2022ರಲ್ಲಿ ಆದ ರಾಜಿಯ ಬೆಲೆ 39.15 ಕೋಟಿ ಡಾಲರ್. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಡಗ್ಲಸ್ ಲೀತ್ 2021ರಲ್ಲಿ ಅಳೆದು ನೋಡಿದಾಗ, ಮುಟ್ಟದೆ ಇಟ್ಟ ಫೋನು ಕೂಡ ಸರಾಸರಿ ನಾಲ್ಕೂವರೆ ನಿಮಿಷಕ್ಕೊಮ್ಮೆ ತನ್ನ ಒಡೆಯನಿಗೆ, ಅದು ಗೂಗಲ್ ಆಗಲಿ ಆಪಲ್ ಆಗಲಿ, ಸುದ್ದಿ ಮುಟ್ಟಿಸುತ್ತಿತ್ತು. ಗೂಗಲ್ ಈ ಅಧ್ಯಯನದ ಕ್ರಮವನ್ನು ಒಪ್ಪಲಿಲ್ಲ. ಅದೇ ವರ್ಷ ಅವರೂ ಎಡಿನ್‌ಬರೋ ವಿಶ್ವವಿದ್ಯಾಲಯದವರೂ ಸೇರಿ ಆರು ಬಗೆಯ ಆಂಡ್ರಾಯ್ಡ್‌ಗಳನ್ನು ಪರೀಕ್ಷಿಸಿದರು. ಸದ್ದಿಲ್ಲದೆ ಕುಳಿತದ್ದು ಒಂದೇ: ಫ್ರಾನ್ಸಿನ ಗಾಯೆಲ್ ದುವಾಲ್ ಕಟ್ಟಿದ ಇ.

ಹಾಗಾದರೆ ಮುಕ್ತವಾದದ್ದನ್ನು ತುಂಬಿಕೊಂಡರೆ ತೀರಿತೇ? ಪ್ರತಿ ಮೊಬೈಲಿನಲ್ಲೂ ಗೋಪುರದೊಂದಿಗೆ ಮಾತಾಡುವ ಮೋಡೆಮ್ ಎಂಬ ಎರಡನೆಯ ಕಂಪ್ಯೂಟರ್ ಇದೆ. ಅದರ ತಂತ್ರಾಂಶ ಮುಚ್ಚಿದ ಪೆಟ್ಟಿಗೆ. 2014ರಲ್ಲಿ ರೆಪ್ಲಿಕಂಟ್ ಎಂಬ ಸಂಪೂರ್ಣ ಮುಕ್ತ ಆಂಡ್ರಾಯ್ಡ್ ಕಟ್ಟುತ್ತಿದ್ದವರು, ಸ್ಯಾಮ್ಸಂಗ್‌ನ ಹಲವು ಗ್ಯಾಲಕ್ಸಿ ಫೋನುಗಳಲ್ಲಿ ಮೋಡೆಮ್ ಕೇಳಿದರೆ ಫೋನಿನ ಕಡತಗಳನ್ನು ಓದಿ, ಬರೆದು, ಅಳಿಸಲು ಬಿಡುವ ವ್ಯವಸ್ಥೆಯಿದೆ ಎಂದು ತೋರಿಸಿದರು. ಇದು ಬೇಕೆಂದೇ ಇಟ್ಟ ಕಳ್ಳಬಾಗಿಲಲ್ಲ ಎಂದು ವಾದಿಸಿದವರೂ ಇದ್ದರು. ಏನೇ ಇರಲಿ, ಬಾಗಿಲು ಇದೆಯೆಂದು ಗೊತ್ತಾದದ್ದು ಪಕ್ಕದ ಕೋಣೆಯನ್ನು ಬಿಚ್ಚಿ ನೋಡುತ್ತಿದ್ದವರಿಂದ.

ಮುಕ್ತ ತಂತ್ರಾಂಶ ಕಟ್ಟುವವರೂ ಮನುಷ್ಯರೇ. ಕಾಂಡಿಕ್ ಅವರ ಹವ್ಯಾಸ 2013ರಲ್ಲಿ ಬಂಡವಾಳ ಪಡೆದು ಕಂಪನಿಯಾಯಿತು. ಗೂಗಲ್ ಕೈಯಿಂದ ಆಂಡ್ರಾಯ್ಡನ್ನು ಬಿಡಿಸುತ್ತೇವೆಂದು ಅದರ ಮುಖ್ಯಸ್ಥರು ಸಾರಿದರು. ಭಾರತದಲ್ಲಿ ಇದರ ಹಕ್ಕು ಮೈಕ್ರೋಮ್ಯಾಕ್ಸ್‌ಗೆ ಸಿಕ್ಕಿದ್ದರಿಂದ, ಇದೇ ತಂತ್ರಾಂಶವಿದ್ದ ಒನ್‌ಪ್ಲಸ್ ಫೋನಿನ ಮಾರಾಟಕ್ಕೆ ದೆಹಲಿ ಹೈಕೋರ್ಟ್ 2014ರ ಡಿಸೆಂಬರಿನಲ್ಲಿ ತಡೆ ಕೊಟ್ಟಿತು. ಕೆಲವೇ ದಿನಗಳಲ್ಲಿ ಅದು ತೆರವಾಯಿತು. 2015ರಲ್ಲಿ ಮೈಕ್ರೋಸಾಫ್ಟ್ ಜೊತೆ ಕೈಜೋಡಿಸಿ ಅದರ ಆಪ್‌ಗಳನ್ನು ತುಂಬುವ ಒಪ್ಪಂದವೂ ಆಯಿತು! 2016ರ ಡಿಸೆಂಬರ್ 31ಕ್ಕೆ ಕಂಪನಿ ತನ್ನ ಸೇವೆಗಳಿಗೆ ಬಾಗಿಲೆಳೆದುಕೊಂಡಿತು. ಮೂಲಬರಹ ಮುಕ್ತವಾಗಿದ್ದರಿಂದ ಸ್ವಯಂಸೇವಕರು ಅದನ್ನೆತ್ತಿಕೊಂಡು ಲಿನೇಜ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿಸಿದರು. ಇಷ್ಟರ ಮಟ್ಟಿಗೆ ಮುಕ್ತತನ ಮಾತು ಉಳಿಸಿಕೊಂಡಿತು ಎನ್ನಬೇಕು.

ನಂಬಿಕೆಯ ನಿಜವಾದ ಪರೀಕ್ಷೆ ನಡೆದದ್ದು ಕೆನಡಾದ ಟೊರಾಂಟೊದಲ್ಲಿ. ಡೇನಿಯಲ್ ಮಿಕೆ ಎಂಬ ತಂತ್ರಜ್ಞ ಆಂಡ್ರಾಯ್ಡಿನ ಭದ್ರತೆಯನ್ನು ಬಿಗಿಗೊಳಿಸಿ ಕಾಪರ್‌ಹೆಡ್ ಎಂಬ ಆಪರೇಟಿಂಗ್ ಸಿಸ್ಟಂ ರೂಪಿಸಿದ್ದರು. ಪಾಲುದಾರರೊಬ್ಬರ ಜೊತೆ ಅದೇ ಹೆಸರಿನ ಕಂಪನಿಯೂ ಹುಟ್ಟಿತ್ತು. ಇಲ್ಲಿ ಬೀಗದ ಕೈಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಫೋನಿಗೆ ಆಗಾಗ ಬರುವ ಹೊಸ ಆವೃತ್ತಿಗಳ ಮೇಲೆ ತಯಾರಿಸಿದವರ ಒಂದು ಗಣಿತದ ಮೊಹರು ಇರುತ್ತದೆ. ಆ ಮೊಹರು ಒತ್ತುವ ಗುಪ್ತ ಸಂಖ್ಯೆಯೇ ಬೀಗದ ಕೈ. ಮೊಹರು ಸರಿಯಿದ್ದರೆ ಫೋನು ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತದೆ, ಇಲ್ಲದಿದ್ದರೆ ತಿರಸ್ಕರಿಸುತ್ತದೆ. ಮೂಲಬರಹ ಊರಿಗೆಲ್ಲ ತೆರೆದಿರಲಿ, ಆ ಕೈ ಹಿಡಿದವನು ಮನಸ್ಸು ಮಾಡಿದರೆ ಮೂಲಬರಹದಲ್ಲಿ ಇಲ್ಲದ್ದನ್ನೂ ಮೊಹರು ಒತ್ತಿ ಕಳಿಸಬಲ್ಲ.

ಪಾಲುದಾರರ ನಡುವೆ ಪರವಾನಗಿಯ ಕುರಿತು ಹುಟ್ಟಿದ ಜಗಳ 2018ರ ಜೂನ್ ಹೊತ್ತಿಗೆ ಮಿಕೆ ಅವರನ್ನು ಕಂಪನಿಯಿಂದ ಹೊರಹಾಕುವಲ್ಲಿಗೆ ಬಂತು. ಮಿಕೆ ಬೀಗದ ಕೈಯನ್ನೇ ಅಳಿಸಿಹಾಕಿದರು. ಕೈ ಬೇರೆಯವರ ಪಾಲಾದರೆ ಬಳಕೆದಾರರಿಗೆ ಅಪಾಯವೆಂಬುದು ಅವರ ನಿಲುವು. ಆದರೆ ಆ ಕ್ಷಣದಿಂದ ಆಗಲೇ ಬಳಕೆಯಲ್ಲಿದ್ದ ಫೋನುಗಳಿಗೆ ಆ ಮೊಹರಿನ ಹೊಸ ಆವೃತ್ತಿ ಬರುವುದು ನಿಂತಿತು. ಇದು ಕಾವಲೋ, ಕೈಬಿಟ್ಟದ್ದೋ? ನೋಡುವ ಕಣ್ಣಿನ ಮೇಲೆ ಉತ್ತರ. ತಮ್ಮ ಗುಟ್ಟು ಕಾಯಲೆಂದು ಗೂಗಲ್ ಬಿಟ್ಟು ಬಂದವರಿಗೆ, ತಮ್ಮ ಫೋನು ಒಬ್ಬ ವ್ಯಕ್ತಿಯ ನಿರ್ಧಾರದ ಮೇಲೆ ನಿಂತಿತ್ತೆಂಬುದು ಅಂದು ತಿಳಿಯಿತು. ಮಿಕೆ ತಮ್ಮ ಕೆಲಸ ಮುಂದುವರಿಸಿ 2019ರಲ್ಲಿ ಅದಕ್ಕೆ ಗ್ರಾಫೀನ್ ಎಂದು ಹೆಸರಿಟ್ಟರು. ವಿಪರ್ಯಾಸವೆಂದರೆ, ಗೂಗಲ್ ಇಲ್ಲದ ಈ ವ್ಯವಸ್ಥೆ ಬೇಕಾದವರು ಹಲವು ವರ್ಷ ಗೂಗಲ್‌ನದೇ ಪಿಕ್ಸೆಲ್ ಫೋನು ಕೊಳ್ಳಬೇಕಾಗಿತ್ತು. ಹೊಸ ಬೀಗ ಹಾಕಿದ ಮೇಲೆ ಬಾಗಿಲನ್ನು ಮತ್ತೆ ಭದ್ರಪಡಿಸಲು ಸರಿಯಾಗಿ ಬಿಡುವ ಯಂತ್ರ ಅದೇ ಎಂಬುದು ಕಾರಣ.

ಕೈ ಯಾರಲ್ಲಿದೆ ಎಂದು ಕೇಳದವರ ಗತಿ 2021ರ ಜೂನ್ 8ರಂದು ಲೋಕಕ್ಕೆ ಕಾಣಿಸಿತು. ಕಳ್ಳಸಾಗಣೆದಾರರ ನಡುವೆ ಅನೋಮ್ ಎಂಬ ಗುಪ್ತ ಫೋನು ಬಿಸಿ ಬಿಸಿಯಾಗಿ ಖರ್ಚಾಗುತ್ತಿತ್ತು. ತಿದ್ದಿದ ಆಂಡ್ರಾಯ್ಡ್, ಕ್ಯಾಲ್ಕುಲೇಟರಿನ ಹಿಂದೆ ಅಡಗಿದ ಸಂದೇಶದ ಆಪ್. ನೂರಕ್ಕೂ ಹೆಚ್ಚು ದೇಶಗಳಲ್ಲಿ 12,000ಕ್ಕೂ ಹೆಚ್ಚು ಫೋನುಗಳು ಹರಡಿದ್ದವು. ಅದನ್ನು ನಡೆಸುತ್ತಿದ್ದದ್ದು ಅಮೆರಿಕದ ಎಫ್‌ಬಿಐ! ಪ್ರತಿ ಸಂದೇಶಕ್ಕೂ ಪೊಲೀಸರದೊಂದು ಕೈ ಅಂಟಿಕೊಂಡೇ ಹೋಗುತ್ತಿತ್ತು. ಹೀಗೆ 2.7 ಕೋಟಿ ಸಂದೇಶಗಳು ಸಿಕ್ಕಿ, 800ಕ್ಕೂ ಹೆಚ್ಚು ಮಂದಿ ಸೆರೆಯಾದರು. ಸಿಕ್ಕಿಬಿದ್ದವರ ಬಗ್ಗೆ ಮರುಗಬೇಕಾಗಿಲ್ಲ. ಆದರೆ ಸುರಕ್ಷಿತವೆಂಬ ಹಣೆಪಟ್ಟಿ ಕಟ್ಟಿಕೊಂಡ ಪೆಟ್ಟಿಗೆಯನ್ನು ಬಿಚ್ಚಿ ನೋಡುವ ಅವಕಾಶವಿಲ್ಲದಿದ್ದರೆ ಸಜ್ಜನರ ಸ್ಥಿತಿಯೂ ಇಷ್ಟೇ.

ಬಿಚ್ಚಿ ನೋಡಲು ಸಾಧ್ಯವಿದ್ದರೂ ನೋಡುವವರು ಬೇಕಲ್ಲ? ಲಿನಕ್ಸ್ ಲೋಕದಲ್ಲಿ ಎಲ್ಲೆಡೆ ಬಳಕೆಯಲ್ಲಿರುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶಕ್ಕೆ ಜಿಯಾ ಟಾನ್ ಎಂಬ ಹೆಸರಿನವರು ಯಾರೋ ಎರಡು ವರ್ಷಕ್ಕೂ ಮಿಕ್ಕಿ ನಿಷ್ಠೆಯಿಂದ ದುಡಿದು, ದಣಿದಿದ್ದ ನಿರ್ವಾಹಕರ ವಿಶ್ವಾಸ ಗಳಿಸಿ, ಕೊನೆಗೆ ಕಳ್ಳಬಾಗಿಲು ಇಟ್ಟರು. 2024ರ ಮಾರ್ಚಿನಲ್ಲಿ ಅದು ಸಿಕ್ಕಿದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರಿಗೆ. ದೂರದ ಯಂತ್ರಕ್ಕೆ ಲಾಗಿನ್ ಆಗುವುದು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಅವರು ಕೆದಕಿದ್ದರು. ಥಾಂಪ್ಸನ್ನರ ಸವಾಲಿಗೂ ಉತ್ತರ ಹುಡುಕಿದವರಿದ್ದಾರೆ. ಒಂದೇ ಮೂಲಬರಹವನ್ನು ಬೇರೆ ಬೇರೆಯವರು ಬೇರೆ ಬೇರೆ ಕಡೆ ಅನುವಾದಿಸಿ, ಫಲ ಅಕ್ಷರಶಃ ಒಂದೇ ಬರುತ್ತದೆಯೇ ಎಂದು ತಾಳೆ ನೋಡುವ ಪದ್ಧತಿಯನ್ನು ಡೆಬಿಯನ್ ಬಳಗ 2013ರಿಂದ ರೂಢಿಸುತ್ತಿದೆ.

ಖಾಸಗಿತನ ಎಂಬ ಪದವನ್ನು ಭಾರತದ ಮನೆಮಾತಾಗಿಸಿದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋದಾಗ ಎಂಬತ್ತೈದು ದಾಟಿತ್ತು. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ತೀರ್ಪಿತ್ತಿತು. 2024ರಲ್ಲಿ ಪುಟ್ಟಸ್ವಾಮಿ ತೀರಿಕೊಂಡರು. ತೀರ್ಪು ಹಕ್ಕನ್ನು ಕೊಟ್ಟಿತು. ಫೋನಿನ ಬೀಗ ಯಾರದೆಂಬ ಪ್ರಶ್ನೆ ಅದರ ಮುಂದಿರಲಿಲ್ಲ. 2023ರ ಜನವರಿಯಲ್ಲಿ ಮದ್ರಾಸ್ ಐಐಟಿಯ ಆಶ್ರಯದಲ್ಲಿ ರೂಪುಗೊಂಡ ಭರೋಸ್ ಎಂಬ ದೇಶೀಯ ಆಪರೇಟಿಂಗ್ ಸಿಸ್ಟಂ ಅನ್ನು ಕೇಂದ್ರ ಸಚಿವರೇ ಪರೀಕ್ಷಿಸಿ ಮೆಚ್ಚಿದರು. ಇದರ ಅಡಿಪಾಯವೂ ಗೂಗಲ್ ತೆರೆದಿಟ್ಟ ಆಂಡ್ರಾಯ್ಡೇ. ಭರವಸೆ ಹೆಸರಿನಲ್ಲೇ ಇತ್ತು, ಆದರೆ ಪ್ರಕಟಣೆಯ ಹೊತ್ತಿಗೆ ಮೂಲಬರಹ ಜನರ ಮುಂದೆ ಇರಲಿಲ್ಲ.

ಆ ಅಡಿಪಾಯವೂ ಸ್ವಲ್ಪ ಸರಿಯುತ್ತಿದೆ. ಆಂಡ್ರಾಯ್ಡಿನ ಕೆಲಸವನ್ನು ಇನ್ನು ಸಂಪೂರ್ಣ ಒಳಗೇ ನಡೆಸಿ, ಆವೃತ್ತಿ ಸಿದ್ಧವಾದ ಮೇಲಷ್ಟೇ ಮೂಲಬರಹ ಪ್ರಕಟಿಸುವುದಾಗಿ 2025ರ ಮಾರ್ಚಿನಲ್ಲಿ ಗೂಗಲ್ ಹೇಳಿತು. ಇದಕ್ಕಿಂತ ದಿನನಿತ್ಯದ ತೊಡಕು ಬ್ಯಾಂಕುಗಳದು. ಹಣಕಾಸಿನ ಹಲವು ಆಪ್‌ಗಳು ತೆರೆಯುವ ಮೊದಲು ಫೋನು ಗೂಗಲ್‌ನ ಪ್ರಮಾಣಪತ್ರ ಪಡೆದದ್ದೇ ಎಂದು ವಿಚಾರಿಸುತ್ತವೆ. ವರ್ಷಗಟ್ಟಲೆ ದುರಸ್ತಿ ಕಾಣದ ಹಳೆಯ ಫೋನು ಸಾಮಾನ್ಯ ಹಂತದ ಈ ತಪಾಸಣೆಯಲ್ಲಿ ಪಾಸಾಗಬಹುದು; ನಿನ್ನೆಯಷ್ಟೇ ಬಿಗಿಗೊಳಿಸಿದ ಪರ್ಯಾಯ ವ್ಯವಸ್ಥೆ ನಪಾಸಾಗುತ್ತದೆ. ಹಾಗಾಗಿ ಈ ಪಂಗಡದ ಕೆಲವರು ಎರಡು ಫೋನು ಇಟ್ಟುಕೊಂಡಿದ್ದಾರೆ: ಒಂದು ತಮ್ಮ ಗುಟ್ಟಿಗೆ, ಇನ್ನೊಂದು ತರಕಾರಿ ಅಂಗಡಿಯ ಕ್ಯೂಆರ್ ಚೀಟಿಗೆ.