ಕಡತದಿಂದ ಓಟಿಪಿವರೆಗೆ

ಸರ್ಕಾರಿ ಫೈಲಿಗೆ ನಾವು ಕಡತ ಅಂತೀವಲ್ಲ, ಅದು ಮೂಲದಲ್ಲಿ ಬಟ್ಟೆ. ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪಾಗಿಸಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಲೆಕ್ಕ ಬರೀತಿದ್ರು. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ. ಕಡತದ ಒಂದು ಅನುಕೂಲ ಅಂದ್ರೆ, ತಪ್ಪಾದ್ರೆ ಒರೆಸಿ ಮತ್ತೆ ಬರೀಬಹುದಿತ್ತು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಗೆ ತೆರಿಗೆ ಹೊಸದಲ್ಲ. 17ನೇ ಶತಮಾನದಲ್ಲೇ ಕೆಳದಿಯ ಶಿವಪ್ಪ ನಾಯಕ ನೆಲದ ಗುಣ ನೋಡಿ ಕಂದಾಯ ಕಟ್ಟಿದ್ದ. ಮಲೆನಾಡಿನ ಜನ ಅದನ್ನು ಇವತ್ತಿಗೂ ‘ಶಿವಪ್ಪ ನಾಯಕನ ಶಿಸ್ತು’ ಅಂತಾರೆ. ಮುಂದೆಯೂ ತೆರಿಗೆ ಕೊಡೋನು ರೈತ, ಲೆಕ್ಕ ಬರೆಯೋನು ಶಾನುಭೋಗ. ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾಗಿದ್ದು 1961ರ ಕಾಯ್ದೆಯಿಂದ.

ಅಷ್ಟರಲ್ಲಿ ಅಂಗಡಿಯವರಿಗೆ ಬೇರೆಯದೇ ಲೆಕ್ಕ ಶುರುವಾಗಿತ್ತು. ಮೈಸೂರು ಸಂಸ್ಥಾನದಲ್ಲಿ 1948ರಲ್ಲಿ ಮಾರಾಟ ತೆರಿಗೆ ಕಾಯ್ದೆ ಬಂತು, ಏಕೀಕರಣದ ನಂತರ 1957ರಲ್ಲಿ ಹೊಸದು. ಕಿರ್ದಿ, ಖಾತೆ, ಬಿಲ್ ಪುಸ್ತಕ ಚೀಲಕ್ಕೆ ತುಂಬಿಕೊಂಡು ಅಧಿಕಾರಿಯ ಮುಂದೆ ಇಡಬೇಕು. ಅವರು ಓದಿ ಇಷ್ಟು ತೆರಿಗೆ ಅಂತ ಗೊತ್ತುಮಾಡ್ತಿದ್ರು. ಜಗಳವಾದ್ರೂ ಮುಖಾಮುಖಿ. ನಡುವೆ ನಿಂತು ಮಾತಾಡೋರು ತೆರಿಗೆ ಸಲಹೆಗಾರರು. ಸಿಎ ಆಗಿರಲಿ ಬಿಡಲಿ, ಊರಿನವರಿಗೆ ಅವರು ‘ಆಡಿಟ್ರು’.

ನಿಜವಾದ ತಿರುವು ಕಂಪ್ಯೂಟರ್ ಅಲ್ಲ, 2005ರ ಏಪ್ರಿಲ್ 1ರಂದು ಜಾರಿಯಾದ ವ್ಯಾಟ್. ಪ್ರತಿ ವರ್ಷ ಎಲ್ಲರ ಪುಸ್ತಕವನ್ನೂ ಅಧಿಕಾರಿ ನೋಡೋ ಪದ್ಧತಿ ಹೋಯ್ತು. ವ್ಯಾಪಾರಿ ಬರೆದುಕೊಟ್ಟ ರಿಟರ್ನೇ ತೆರಿಗೆ ನಿರ್ಧಾರ ಅಂತಾಯ್ತು. ಅಂದ್ರೆ ಲೆಕ್ಕ ಸರಿಯಿರಬೇಕಾದ ಹೊಣೆ ಪೂರ್ತಿ ಅಂಗಡಿಯವನ ತಲೆಗೆ ಬಂತು. ಆಮೇಲೆ ರಿಟರ್ನು ಆನ್‌ಲೈನ್ ಆಯ್ತು. ಸರಕು ಸಾಗಿಸೋಕೆ ಇ-ಸುಗಮ್ ಸಂಖ್ಯೆ ಬಂತು. ಮುಂದೆ 2018ರ ಏಪ್ರಿಲ್ 1ರಿಂದ ರಾಜ್ಯದೊಳಗಿನ ಸಾಗಾಟಕ್ಕೂ ಇ-ವೇ ಬಿಲ್ ಮೊದಲು ಜಾರಿ ಮಾಡಿದ್ದು ಕರ್ನಾಟಕವೇ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಮೊದಲ ರಿಟರ್ನಿಗೇ ಪೋರ್ಟಲ್ ಕುಸಿದು, ಆಗಸ್ಟ್ 20ರ ಗಡುವು 25ಕ್ಕೆ ಹೋಯ್ತು. ಶೃಂಗೇರಿ ಕಡೆ ಆಗಸ್ಟ್ ಅಂದ್ರೆ ಮಳೆಗಾಲ. ಕರೆಂಟು, ನೆಟ್‌ವರ್ಕು ಎರಡನ್ನೂ ನಂಬೋ ಹಾಗಿಲ್ಲ. ತಡವಾದ್ರೆ ದಂಡ ದಿನಕ್ಕೆ 50 ರೂಪಾಯಿ, ವ್ಯಾಪಾರವೇ ಇಲ್ಲದಿದ್ರೂ 20.

ದಂಡಕ್ಕಿಂತ ದೊಡ್ಡ ಪೆಟ್ಟು ಬೇರೆ ಇದೆ. 2022ರ ಜನವರಿಯಿಂದ, ಮಾರಿದವನು ತನ್ನ ಬಿಲ್ ಪೋರ್ಟಲ್‌ಗೆ ಹಾಕಿದ್ರೆ ಮಾತ್ರ ಕೊಂಡವನಿಗೆ ತೆರಿಗೆ ಕ್ರೆಡಿಟ್. ಕೊಪ್ಪದ ಸಿಮೆಂಟ್ ವ್ಯಾಪಾರಿ ತಡ ಮಾಡಿದ ಅಂದ್ಕೊಳ್ಳಿ. ಕೊಂಡ ಗುತ್ತಿಗೆದಾರನ ಹಣ ಸಿಕ್ಕಿಹಾಕಿಕೊಳ್ಳುತ್ತೆ, ಮುಂದಿನ ಲೋಡು ಅವನು ಬೇರೆ ಕಡೆ ತರ್ತಾನೆ. ಸಲ್ಲಿಸಿದ 3ಬಿ ರಿಟರ್ನನ್ನು ಕಡತದ ಹಾಗೆ ಒರೆಸಿ ಬರೆಯೋಕೂ ಆಗಲ್ಲ. ಸರಿಪಡಿಸೋದು ಮುಂದಿನ ತಿಂಗಳ ಲೆಕ್ಕದಲ್ಲಿ. ಸ್ವಂತ ತೋಟದ ಅಡಿಕೆ ಮಾರೋ ಬೆಳೆಗಾರನಿಗೆ ಜಿಎಸ್‌ಟಿ ನೋಂದಣಿ ಬೇಡ. ಆದರೆ ಒಣ ಅಡಿಕೆ ಕೊಂಡು ಮಾರೋ ವ್ಯಾಪಾರಿಗೆ 5% ತೆರಿಗೆಯ ಜೊತೆ ಈ ಪೂರ್ತಿ ರಗಳೆ.

ಇಂಥವರಿಗೆ ಸಹಾಯ ಅಂದ್ರೆ ಬರೀ ಅಪ್‌ಲೋಡ್ ಮಾಡಿಕೊಡೋದಲ್ಲ. ಎಷ್ಟೋ ಕಡೆ ಪಾಸ್‌ವರ್ಡು, ಇಮೇಲು, ಓಟಿಪಿ ಬರೋ ಮೊಬೈಲು ಎಲ್ಲ ಸಲಹೆಗಾರರದ್ದೇ. ನೋಟಿಸು ಈಗ ಪೋರ್ಟಲ್‌ಗೇ ಬರುತ್ತೆ. ಪೋಸ್ಟ್‌ಮ್ಯಾನ್ ದಾರಿ ಕಾಯೋ ಅಂಗಡಿಯವನಿಗೆ ಅದು ಬಂದಿದ್ದೇ ಗೊತ್ತಾಗಲ್ಲ. ಹೊಸ ಕಾಲದ ಶಾನುಭೋಗಿಕೆ ಅಂದ್ರೆ ಇದೇ: ಬರೆಯೋನೊಬ್ಬ, ಉತ್ತರ ಕೊಡೋನೊಬ್ಬ.

2025ರ ಜುಲೈನಲ್ಲಿ ಯುಪಿಐ ಮಾಹಿತಿ ಆಧರಿಸಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಬಂದಿದ್ದು ನೆನಪಿದೆಯಲ್ಲ? ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಅನ್ನೋ ಬೋರ್ಡು ನೇತಾಡಿತು. ಹಾಲು, ತರಕಾರಿಗೆ ತೆರಿಗೆಯೇ ಇಲ್ಲ. ಆದರೆ ಖಾತೆಗೆ ಬಂದ ಹಣ ಹಾಲಿನದ್ದಾ, ಬೇರೆಯದ್ದಾ ಅಂತ ಕ್ಯೂಆರ್ ಕೋಡ್ ಹೇಳಲ್ಲ, ಕಿರ್ದಿ ಹೇಳುತ್ತೆ. ಬೋರ್ಡು ಬದಲಿಸಿದ್ರೆ ಆ ಕೊರತೆ ತುಂಬಲ್ಲ.

ಮನೆಯಲ್ಲಿ ಅಪ್ಪನದ್ದೋ ಮಾವನದ್ದೋ ಅಂಗಡಿ ಇದ್ರೆ, ಈ ಸಲ ಊರಿಗೆ ಹೋದಾಗ ಎರಡು ವಿಷಯ ಕೇಳಿ. ಓಟಿಪಿ ಯಾರ ಮೊಬೈಲಿಗೆ ಬರುತ್ತೆ? ಪೋರ್ಟಲ್‌ನ ನೋಟಿಸು ಯಾರು ನೋಡ್ತಾರೆ? ಆಡಿಟ್ರನ್ನು ಬಿಡಿಸೋದು ಬೇಡ, ಅವರು ಬೇಕೇ ಬೇಕು. ಆದರೆ ಹೊಣೆ ಅಂಗಡಿಯವರದ್ದಾದ ಮೇಲೆ ಕೀಲಿಕೈಯೂ ಅವರ ಹತ್ತಿರವೇ ಇರಬೇಕು.