ಕೀಲಿಮಣೆಯ ಎನ್‌ಕೋಡರ್ ಮತ್ತು ಮನೆಯಲ್ಲಿ ಕಟ್ಟಿದ ಆರ್ಕೇಡ್ ಪೆಟ್ಟಿಗೆ

ಯಾವ ಕೀಲಿ ಒತ್ತಿದೆ ಎಂಬುದನ್ನು ಕಂಪ್ಯೂಟರಿಗೆ ತಿಳಿಯುವ ಸಂಖ್ಯೆಯಾಗಿ ಮಾರ್ಪಡಿಸುವ ಪುಟ್ಟ ಸರ್ಕಿಟ್ಟೇ ಎನ್‌ಕೋಡರ್. ಪ್ರತಿಯೊಂದು ಕೀಲಿಮಣೆಯ ಒಳಗೂ ಅದು ಇರುತ್ತದೆ. ಹವ್ಯಾಸಿಗಳು ಮನೆಯಲ್ಲೇ ಕಟ್ಟಿಕೊಳ್ಳುವ, ನಾಣ್ಯ ಹಾಕಿ ಆಡುವ ವಿಡಿಯೋ ಆಟದ ಆರ್ಕೇಡ್ ಪೆಟ್ಟಿಗೆಯಲ್ಲಿ ಕೀಲಿಮಣೆ ಇಲ್ಲದಿದ್ದರೂ ಎನ್‌ಕೋಡರ್ ಮಾತ್ರ ಇರುತ್ತದೆ. ಜಾಯ್‌ಸ್ಟಿಕ್ಕಿನ ನಾಲ್ಕು ಸ್ವಿಚ್ಚುಗಳು, ಬಣ್ಣದ ಗುಂಡಿಗಳು, ನಾಣ್ಯ ಬಿದ್ದಾಗ ಮುಚ್ಚಿಕೊಳ್ಳುವ ಸ್ವಿಚ್ಚು ಎಲ್ಲವೂ ಅದಕ್ಕೇ ಬಂದು ಸೇರುತ್ತವೆ. ಯಾರೋ ಟೈಪ್ ಮಾಡುತ್ತಿದ್ದಾರೆ ಎಂದೇ ಕಂಪ್ಯೂಟರ್ ತಿಳಿಯುತ್ತದೆ. ಈ ಏರ್ಪಾಡು ರೂಪುಗೊಳ್ಳಲು ಕಾಲು ಶತಮಾನ ಹಿಡಿಯಿತು. ಅದು ಕೆಟ್ಟಾಗ ದೋಷವನ್ನು ಎಲ್ಲಿ ಹುಡುಕಬೇಕೆಂಬ ತಿಳಿವಳಿಕೆಯೂ ಆ ಚರಿತ್ರೆಯಿಂದಲೇ ಬಂದದ್ದು.

ಅಂಗಡಿಗಳಲ್ಲಿದ್ದ ಮೂಲ ಆರ್ಕೇಡ್ ಯಂತ್ರಗಳಿಗೆ ಎನ್‌ಕೋಡರ್ ಬೇಕಿರಲಿಲ್ಲ. ಜಪಾನಿನ ನಾಮ್ಕೊ ಸಂಸ್ಥೆ 1980ರಲ್ಲಿ ತಂದ ಪ್ಯಾಕ್‌ಮನ್ ಯಂತ್ರದಲ್ಲಿ ಆಟಗಾರನ ಕೈಗಿದ್ದದ್ದು ಒಂದೇ ಜಾಯ್‌ಸ್ಟಿಕ್. ಅದರ ನಾಲ್ಕು ದಿಕ್ಕಿನ ಸ್ವಿಚ್ಚುಗಳಿಂದ ನಾಲ್ಕು ತಂತಿಗಳು ನೇರವಾಗಿ ಆಟದ ಬೋರ್ಡಿಗೆ ಹೋಗುತ್ತಿದ್ದವು. ಬೋರ್ಡಿನ ಒಳಹರಿವಿನ ಪಿನ್ನನ್ನು ಒಂದು ರೆಸಿಸ್ಟರ್ 5 ವೋಲ್ಟಿನಲ್ಲಿ ಹಿಡಿದಿಟ್ಟಿರುತ್ತದೆ. ಸ್ವಿಚ್ಚು ಮುಚ್ಚಿದೊಡನೆ ಪಿನ್ನು ಗ್ರೌಂಡಿಗೆ ಇಳಿಯುತ್ತದೆ, ಆಟ ಅದನ್ನು ಓದುತ್ತದೆ. 1985ರಲ್ಲಿ ಜಪಾನಿನ ತಯಾರಕರ ಒಕ್ಕೂಟ ‘ಜಾಮಾ’ ಎಂಬ ಮಾನಕವನ್ನು ತಂದು, ಪರದೆ, ಸ್ಪೀಕರ್, ವಿದ್ಯುತ್ತು, ಗುಂಡಿ ಎಲ್ಲವನ್ನೂ 56 ಸಂಪರ್ಕಗಳ ಒಂದೇ ಕನೆಕ್ಟರಿಗೆ ತಂದಿತು. ಹಳೆಯ ಬೋರ್ಡು ಕಿತ್ತು ಹೊಸದನ್ನು ಸಿಕ್ಕಿಸಿದರೆ ಪೆಟ್ಟಿಗೆ ಬೇರೆಯೇ ಆಟವಾಗುತ್ತಿತ್ತು. 1991ರಲ್ಲಿ ಬಂದ ಕ್ಯಾಪ್ಕಾಮ್‌ನ ಸ್ಟ್ರೀಟ್ ಫೈಟರ್ 2 ಒಬ್ಬೊಬ್ಬ ಆಟಗಾರನಿಗೆ ಆರು ಗುಂಡಿ ಕೇಳಿದಾಗ ಆ ಕನೆಕ್ಟರ್ ಸಾಲದೆ ಪ್ರತ್ಯೇಕ ತಂತಿಕಟ್ಟು ಹಾಕಬೇಕಾಯಿತು. ಆಗಲೂ ಒಂದು ಗುಂಡಿಗೆ ಒಂದು ತಂತಿ ಎಂಬ ನಿಯಮ ತಪ್ಪಲಿಲ್ಲ. ಗುಂಡಿ ಕೆಲಸ ಮಾಡದಿದ್ದರೆ ಮೆಕ್ಯಾನಿಕ್ಕು ಆ ಒಂದು ತಂತಿಯ ಜಾಡು ಹಿಡಿದು ಹೋದರೆ ಸಾಕಿತ್ತು.

ಎನ್‌ಕೋಡರ್ ಹವ್ಯಾಸಿಗಳ ಕೈಗೆ ಬಂದದ್ದು ಬೇರೆ ಕಡೆ, ಎಪ್ಪತ್ತರ ದಶಕದ ಹವ್ಯಾಸಿ ಕಂಪ್ಯೂಟರುಗಳ ಲೋಕದಲ್ಲಿ. 1973ರ ಸೆಪ್ಟೆಂಬರಿನಲ್ಲಿ ಅಮೆರಿಕದ ‘ರೇಡಿಯೋ-ಎಲೆಕ್ಟ್ರಾನಿಕ್ಸ್’ ಪತ್ರಿಕೆ ಡಾನ್ ಲಂಕಾಸ್ಟರ್ ಅವರ ‘ಟಿವಿ ಟೈಪ್‌ರೈಟರ್’ ವಿನ್ಯಾಸವನ್ನು ಪ್ರಕಟಿಸಿತು. ಮನೆಯ ಟಿವಿಯಲ್ಲಿ ಅಕ್ಷರ ಮೂಡಿಸುವ ಆ ಸಾಧನಕ್ಕೆ ಕೀಲಿಮಣೆ ಬೇಕಿತ್ತು. 1976ರ ಆಪಲ್-1 ಬಂದದ್ದೂ ಕೀಲಿಮಣೆಯಿಲ್ಲದ ಬರಿಯ ಬೋರ್ಡಾಗಿ. ಕೊಂಡವರೇ ಎಲ್ಲಿಂದಲೋ ಕೀಲಿಮಣೆ ಹೊಂದಿಸಿಕೊಳ್ಳಬೇಕಿತ್ತು. ಇಂಥವರ ನೆರವಿಗೆ ಬಂದದ್ದು ಜನರಲ್ ಇನ್‌ಸ್ಟ್ರುಮೆಂಟ್ ಸಂಸ್ಥೆಯ ಎವೈ-5-2376ರಂಥ ಚಿಪ್ಪುಗಳು. ಆ ಚಿಪ್ಪಿನ ಹೆಸರಿನಲ್ಲೇ ಅದರ ಲೆಕ್ಕವಿದೆ: 88 ಕೀಲಿಗಳು, ಪ್ರತಿ ಕೀಲಿಗೆ ಮೂರು ಸ್ಥಿತಿ, ಪ್ರತಿ ಸ್ಥಿತಿಗೆ 9 ಬಿಟ್ಟುಗಳ ಸಂಕೇತ, ಒಟ್ಟು 2376 ಬಿಟ್ಟುಗಳ ಅಳಿಸಲಾಗದ ಕೋಷ್ಟಕ. ಕೀಲಿ ಒತ್ತಿದಾಗ ಚಿಪ್ಪು ಕೋಷ್ಟಕ ನೋಡಿ ಆ ಅಕ್ಷರದ ಆಸ್ಕಿ ಸಂಕೇತವನ್ನು ಹೊರಗಿಟ್ಟು, ‘ಸಿದ್ಧ’ ಎಂಬ ಇನ್ನೊಂದು ಸೂಚನೆ ಕೊಡುತ್ತಿತ್ತು. ಲೋಹದ ಸಂಪರ್ಕ ಒಮ್ಮೆಗೇ ಕೂಡುವುದಿಲ್ಲ, ಕೆಲವು ಮಿಲಿಸೆಕೆಂಡು ಪುಟಿಯುತ್ತದೆ. ಆ ಪುಟಿತ ಅಡಗುವವರೆಗೆ ಸೂಚನೆಯನ್ನು ತಡೆಹಿಡಿಯಲು ಹೊರಗಡೆ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಕೂಡಿಸಬೇಕಿತ್ತು. ಚಿಪ್ಪಿಗೆ 5 ವೋಲ್ಟಿನ ಜತೆಗೆ ಋಣ 12 ವೋಲ್ಟೂ ಬೇಕು. ಅಂಥ ಹಳೆಯ ಕೀಲಿಮಣೆ ಇಂದು ಸತ್ತಂತೆ ಕಂಡರೆ ಮೊದಲು ಅಳೆಯಬೇಕಾದದ್ದು ಆ ಋಣ ವೋಲ್ಟೇಜನ್ನು.

ಟೈಪಿಂಗಿಗೆ ಆ ಚಿಪ್ಪುಗಳು ಚೆನ್ನಾಗಿದ್ದವು. ಆಟಕ್ಕೆ ಅವು ಒದಗದಿರಲು ಎರಡು ಕಾರಣಗಳಿದ್ದವು. ಕೀಲಿಯ ಅರ್ಥ ಚಿಪ್ಪಿನೊಳಗೇ ಕೊರೆದದ್ದರಿಂದ ಅದನ್ನು ಬದಲಿಸುವುದು ಬಳಕೆದಾರನ ಕೈಯಲ್ಲಿರಲಿಲ್ಲ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಒತ್ತಿದ ಸುದ್ದಿ ಬರುತ್ತಿತ್ತು, ಬಿಟ್ಟ ಸುದ್ದಿ ಬರುತ್ತಿರಲಿಲ್ಲ. ಆಟಗಾರ ಜಾಯ್‌ಸ್ಟಿಕ್ಕನ್ನು ಎಡಕ್ಕೆ ಎಷ್ಟು ಹೊತ್ತು ಹಿಡಿದಿದ್ದಾನೆ ಎಂಬುದೇ ಗೊತ್ತಾಗದಿದ್ದರೆ ಆಟ ನಡೆಯದು.

1981ರ ಐಬಿಎಂ ಪಿಸಿ ಈ ಎರಡೂ ತೊಡಕುಗಳನ್ನು ಬಿಡಿಸಿತು. ಅದರ 83 ಕೀಲಿಗಳ ಕೀಲಿಮಣೆಯೊಳಗೆ ಇಂಟೆಲ್ 8048 ಎಂಬ ಪುಟ್ಟ ಕಂಪ್ಯೂಟರೇ ಕುಳಿತಿತ್ತು. ಅದು ಅಕ್ಷರ ಕಳಿಸುತ್ತಿರಲಿಲ್ಲ, ಕೀಲಿಯ ಸ್ಥಾನಸಂಖ್ಯೆಯನ್ನು ಕಳಿಸುತ್ತಿತ್ತು. ಕೆ ಕೀಲಿ ಒತ್ತಿದರೆ 37, ಬಿಟ್ಟರೆ ಅದಕ್ಕೆ 128 ಕೂಡಿಸಿದ 165. ಆ ಸಂಖ್ಯೆಗೆ ಏನು ಅರ್ಥ ಎಂಬುದು ಪೂರ್ತಿಯಾಗಿ ತಂತ್ರಾಂಶದ ಪಾಲಿಗೆ ಬಂತು. ಕನ್ನಡಿಗರಿಗೆ ಈ ನಿರ್ಧಾರದ ಫಲ ದಿನನಿತ್ಯ ಕಾಣುವಂಥದ್ದು. ಇಂಗ್ಲಿಷ್ ಅಚ್ಚಿನ ಅದೇ ಕೀಲಿಯಲ್ಲಿ, ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸವನ್ನು ಅನುಸರಿಸುವ ನುಡಿ ತಂತ್ರಾಂಶ ‘ಕ’ ಮೂಡಿಸುತ್ತದೆ. ಕೀಲಿಮಣೆಗೆ ಕನ್ನಡವೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ಅದೇ ಸಂಖ್ಯೆಯನ್ನು ಆಟವೊಂದು ‘ಗುಂಡು ಹಾರಿಸು’ ಎಂದು ಓದಿಕೊಂಡರೂ ಅಡ್ಡಿಯಿಲ್ಲ. ಮನೆಯ ಆರ್ಕೇಡ್ ಪೆಟ್ಟಿಗೆ ಸಾಧ್ಯವಾದದ್ದೇ ಈ ಬಿಡುಗಡೆಯಿಂದ.

ಆದರೆ ಆ ಸಾಧ್ಯತೆಗೆ ಆಟಗಳು ಬೇಕಿದ್ದವು. 1997ರ ಫೆಬ್ರವರಿಯಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ‘ಮೇಮ್’ ತಂತ್ರಾಂಶದ ಮೊದಲ ಆವೃತ್ತಿಯನ್ನು ಹೊರತಂದರು. ಹಳೆಯ ಆರ್ಕೇಡ್ ಬೋರ್ಡುಗಳ ನಡೆಯನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ಯಥಾವತ್ತಾಗಿ ಅನುಕರಿಸಿ, ಯಂತ್ರಗಳು ಗುಜರಿ ಸೇರಿದರೂ ಅವುಗಳ ಒಳಗುಟ್ಟು ದಾಖಲಾಗಿ ಉಳಿಯುವಂತೆ ಮಾಡುವುದು ಅದರ ಉದ್ದೇಶ. ಆಗಿನ ಪಿಸಿಗಳ ಗೇಮ್ ಪೋರ್ಟಿನಲ್ಲಿ ಒಟ್ಟು ನಾಲ್ಕೇ ಗುಂಡಿಗಳಿಗೆ ಜಾಗವಿತ್ತು. ಇಬ್ಬರು ಆಡುವ ಪೆಟ್ಟಿಗೆಗೆ ಬೇಕಾದದ್ದು ತಲಾ ನಾಲ್ಕು ದಿಕ್ಕು, ತಲಾ ಆರು ಗುಂಡಿ, ಎರಡು ಸ್ಟಾರ್ಟ್, ಎರಡು ನಾಣ್ಯದ ಸ್ವಿಚ್ಚು, ಅಂದರೆ 24. ಇಷ್ಟು ಸ್ವಿಚ್ಚುಗಳನ್ನು ಓದಬಲ್ಲ ದಾರಿ ಪ್ರತಿ ಪಿಸಿಯಲ್ಲೂ ಇದ್ದದ್ದು ಕೀಲಿಮಣೆಯ ಪೋರ್ಟು ಒಂದೇ.

ಹೀಗೆ ಹಳೆಯ ಕೀಲಿಮಣೆಯ ಹೊಟ್ಟೆ ಬಗೆಯುವ ಪದ್ಧತಿ ಶುರುವಾಯಿತು. ಕೀಲಿಮಣೆಯೊಳಗೆ ನೂರೊಂದು ಕೀಲಿಗೆ ನೂರೊಂದು ತಂತಿ ಇರುವುದಿಲ್ಲ. ಮಗ್ಗದ ಹಾಸುಹೊಕ್ಕಿನಂತೆ ಅಡ್ಡಸಾಲುಗಳೂ ಉದ್ದಸಾಲುಗಳೂ ಹಾಯ್ದಿರುತ್ತವೆ, ಒಂದೊಂದು ಸಂಧಿಯಲ್ಲಿ ಒಂದೊಂದು ಕೀಲಿ. ಎನ್‌ಕೋಡರ್ ಒಂದು ಸಾಲಿಗೆ ಸಂಕೇತ ಕೊಟ್ಟು ಯಾವ ಉದ್ದಸಾಲಿನಲ್ಲಿ ಅದು ಬಂತೆಂದು ನೋಡಿ, ಮುಂದಿನ ಸಾಲಿಗೆ ಹೋಗುತ್ತದೆ. ಸೆಕೆಂಡಿಗೆ ಹಲವು ಬಾರಿ ಈ ಸುತ್ತು ನಡೆಯುತ್ತದೆ. ಹವ್ಯಾಸಿಗಳು ಎನ್‌ಕೋಡರ್ ಬೋರ್ಡನ್ನು ಹೊರತೆಗೆದು, ಯಾವ ಎರಡು ಬಿಂದು ಕೂಡಿಸಿದರೆ ಯಾವ ಅಕ್ಷರ ಬರುತ್ತದೆಂದು ಒಂದೊಂದಾಗಿ ಪರೀಕ್ಷಿಸಿ ಪಟ್ಟಿ ಬರೆದುಕೊಳ್ಳುತ್ತಿದ್ದರು. ಆಮೇಲೆ ಬೆಸುಗೆ. ಅಗ್ಗದ ಬೋರ್ಡುಗಳ ಸಂಪರ್ಕಗಳ ಮೇಲೆ ಕಾರ್ಬನ್ ಲೇಪವಿದ್ದು ಬೆಸುಗೆ ಹಿಡಿಯುತ್ತಿರಲಿಲ್ಲ. ಅದನ್ನು ಕೆರೆದು ತಾಮ್ರ ಕಾಣಿಸಬೇಕಿತ್ತು. ತಾಳ್ಮೆ ಬೇಡುವ ಕೆಲಸವದು, ಆದರೆ ಖರ್ಚಿಲ್ಲದ್ದು.

ಈ ಜಾಲದ ದೊಡ್ಡ ತೊಡಕು ಭೂತಕೀಲಿ. ಎರಡು ಅಡ್ಡಸಾಲು, ಎರಡು ಉದ್ದಸಾಲು ಸೇರಿ ಒಂದು ಆಯತವಾಗುತ್ತದೆ. ಅದರ ಮೂರು ಮೂಲೆಗಳ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿದ್ಯುತ್ತು ಸುತ್ತುಬಳಸಿ ಹರಿದು ನಾಲ್ಕನೆಯ ಮೂಲೆಯ ಕೀಲಿಯೂ ಒತ್ತಿದಂತೆ ತೋರುತ್ತದೆ. ಟೈಪ್ ಮಾಡುವವರು ಮೂರು ಅಕ್ಷರ ಒಟ್ಟಿಗೆ ಒತ್ತುವುದು ಅಪರೂಪವಾದ್ದರಿಂದ ತಯಾರಕರು ಇದನ್ನು ಸಹಿಸಿಕೊಂಡರು. ಕೆಲವು ಎನ್‌ಕೋಡರುಗಳು ಅನುಮಾನ ಬಂದರೆ ಮೂರನೆಯ ಕೀಲಿಯನ್ನೇ ಕೈಬಿಡುವಂತೆ ಇದ್ದವು. ಆಟದಲ್ಲಿ ಇಬ್ಬರು ಆರೇಳು ಸ್ವಿಚ್ಚುಗಳನ್ನು ಒಂದೇ ಕ್ಷಣದಲ್ಲಿ ಒತ್ತುವುದು ಸಾಮಾನ್ಯ. ಹೀಗಾಗಿ ಒಬ್ಬ ಹಾರಿದಾಗ ಇನ್ನೊಬ್ಬನ ಗುಂಡಿ ಮಂಕಾಗುವುದು, ಯಾರೂ ಮುಟ್ಟದೆ ಆಟ ವಿರಾಮಕ್ಕೆ ಹೋಗುವುದು ಮುಂತಾದ ವಿಚಿತ್ರಗಳು ಕಂಡವು. ಒಂದೇ ಸಾಲಿನ ಕೀಲಿಗಳಿಂದ ಆಯತವಾಗದು. ಹಾಗಾಗಿ ಕೀಲಿಗಳನ್ನು ಜಾಣತನದಿಂದ ಆರಿಸುವುದು ಒಂದು ಪರಿಹಾರ. ಪ್ರತಿ ಸ್ವಿಚ್ಚಿನೊಂದಿಗೆ 1ಎನ್4148 ಬಗೆಯ ಡಯೋಡ್ ಸೇರಿಸಿ, ವಿದ್ಯುತ್ತು ಹಿಂದಕ್ಕೆ ಹರಿಯದಂತೆ ಮಾಡುವುದು ಇನ್ನೊಂದು. ಎರಡನೆಯದೇ ಮೂಲದ ಪರಿಹಾರ. ಮೊದಲನೆಯದು ದೋಷವನ್ನು ಮರೆಯಲ್ಲಿಡುತ್ತದೆ, ಅಷ್ಟೆ.

ಬೇಡಿಕೆ ಕಂಡು ಸಿದ್ಧ ಎನ್‌ಕೋಡರುಗಳೂ ಬಂದವು. ಅಮೆರಿಕದ ಹ್ಯಾಗ್‌ಸ್ಟ್ರಾಮ್ ಸಂಸ್ಥೆಯ ಕೆಇ-72, ಬ್ರಿಟನ್ನಿನ ಅಲ್ಟಿಮಾರ್ಕ್ ಸಂಸ್ಥೆಯ ಐ-ಪ್ಯಾಕ್ ಹವ್ಯಾಸಿಗಳಲ್ಲಿ ಹೆಸರಾದವು. ಐ-ಪ್ಯಾಕ್‌ನಲ್ಲಿ ಪ್ರತಿ ಸ್ವಿಚ್ಚಿಗೂ ಸ್ವಂತ ಪಿನ್ನಿದ್ದು, ಎಲ್ಲಕ್ಕೂ ಸೇರಿ ಒಂದೇ ಗ್ರೌಂಡ್. ಅಂದರೆ ಹಳೆಯ ಆರ್ಕೇಡ್ ಬೋರ್ಡಿನ ‘ಒಂದು ಗುಂಡಿ, ಒಂದು ತಂತಿ’ ಮತ್ತೆ ಬಂತು, ಜಾಲವೂ ಭೂತಕೀಲಿಯೂ ಹೋದವು. 2004ರಲ್ಲಿ ಜಾನ್ ಸೇಂಟ್ ಕ್ಲೇರ್ ಬರೆದ ‘ಪ್ರಾಜೆಕ್ಟ್ ಆರ್ಕೇಡ್’ ಪುಸ್ತಕದ ಹೊತ್ತಿಗೆ ಈ ಹವ್ಯಾಸಕ್ಕೆ ತನ್ನದೇ ಕ್ರಮ ಬಂದಿತ್ತು.

ಕೀಲಿಮಣೆಯ ಪಿಎಸ್/2 ಪೋರ್ಟು ಹೋಗಿ ಯುಎಸ್‌ಬಿ ಬಂದಾಗ ಹೊಸದೊಂದು ಮಿತಿ ತಲೆದೋರಿತು. ಯುಎಸ್‌ಬಿ ಕೀಲಿಮಣೆಯ ಸರಳ ಮಾದರಿಯಲ್ಲಿ ಒಂದು ವರದಿ 8 ಬೈಟ್‌ಗಳದ್ದು. ಒಂದು ಬೈಟ್ ಕಂಟ್ರೋಲ್, ಆಲ್ಟ್, ಶಿಫ್ಟ್ ಮುಂತಾದವಕ್ಕೆ, ಒಂದು ಮೀಸಲು, ಉಳಿದ ಆರು ಬೈಟ್‌ಗಳಲ್ಲಿ ಆರು ಕೀಲಿ. ಏಳನೆಯದು ಒತ್ತಿದರೆ ಆರು ಜಾಗದಲ್ಲೂ ದೋಷಸಂಕೇತ ತುಂಬುತ್ತದೆ. ಮೇಮ್‌ನಲ್ಲಿ ಮೊದಲ ಆಟಗಾರನಿಗೆ ಬಾಣದ ಕೀಲಿಗಳು ಮತ್ತು ಎಡ ಕಂಟ್ರೋಲ್, ಎಡ ಆಲ್ಟ್, ಸ್ಪೇಸ್, ಎಡ ಶಿಫ್ಟ್. ಎರಡನೆಯವನಿಗೆ ದಿಕ್ಕಿಗೆ ಆರ್, ಎಫ್, ಡಿ, ಜಿ, ಗುಂಡಿಗೆ ಎ, ಎಸ್, ಕ್ಯೂ, ಡಬ್ಲ್ಯೂ. ಮೊದಲಿನವನ ಮೂರು ಗುಂಡಿಗಳು ಪ್ರತ್ಯೇಕ ಬೈಟ್‌ನಲ್ಲಿ ಹೋಗುವುದರಿಂದ ಲೆಕ್ಕಕ್ಕೆ ಬರುವುದಿಲ್ಲ. ಎರಡನೆಯವನು ಓರೆ ದಿಕ್ಕಿಗೆ ಎರಡು ಅಕ್ಷರ, ಜತೆಗೆ ನಾಲ್ಕು ಗುಂಡಿ ಒತ್ತಿದರೆ ಆರೂ ಜಾಗ ಭರ್ತಿ. ಆಗ ಮೊದಲಿನವನ ಬಾಣಕ್ಕೆ ಜಾಗವಿಲ್ಲ. ಒಳ್ಳೆಯ ಎನ್‌ಕೋಡರುಗಳು ಪ್ರತಿ ಕೀಲಿಗೆ ಒಂದು ಬಿಟ್ಟು ಮೀಸಲಿಟ್ಟೋ, ಎರಡು ಕೀಲಿಮಣೆಗಳೆಂದು ಹೇಳಿಕೊಂಡೋ ಈ ಮಿತಿಯನ್ನು ದಾಟುತ್ತವೆ.

ದೋಷ ಹುಡುಕುವ ವಿಧಾನವೂ ಈ ಸರಪಳಿಯನ್ನೇ ಹಿಡಿದು ಸಾಗುತ್ತದೆ: ಸ್ವಿಚ್ಚು, ತಂತಿ, ಎನ್‌ಕೋಡರ್, ಕೇಬಲ್, ಕಾರ್ಯಾಚರಣೆ ವ್ಯವಸ್ಥೆ, ಆಟ. ಅನುಭವಿಗಳು ಒಂದು ತುದಿಯಿಂದ ಶುರುಮಾಡದೆ ನಡುವೆ ತುಂಡರಿಸುತ್ತಾರೆ. ಎನ್‌ಕೋಡರ್ ತೆಗೆದು ಸಾಮಾನ್ಯ ಕೀಲಿಮಣೆ ಸಿಕ್ಕಿಸಿದಾಗ ಆಟ ಸರಿಯಾಗಿ ನಡೆದರೆ ಕಂಪ್ಯೂಟರಿನ ಕಡೆ ತಪ್ಪಿಲ್ಲ. ಬಳಿಕ ಎನ್‌ಕೋಡರನ್ನು ಮತ್ತೆ ಸಿಕ್ಕಿಸಿ, ಗುಂಡಿಯ ತಂತಿ ಬಿಚ್ಚಿ, ಆ ಪಿನ್ನನ್ನೂ ಗ್ರೌಂಡನ್ನೂ ಒಂದು ತಂತಿಚೂರಿನಿಂದ ಮುಟ್ಟಿಸಬೇಕು. ಅಕ್ಷರ ಬಂದರೆ ಎನ್‌ಕೋಡರೂ ಸರಿ, ಕೇಬಲ್ಲೂ ಸರಿ. ಉಳಿದದ್ದು ತಂತಿ ಮತ್ತು ಸ್ವಿಚ್ಚು.

ತಂತಿಯ ದೋಷಗಳಲ್ಲಿ ಹೆಚ್ಚಿನವು ಗ್ರೌಂಡಿನವು. ಗುಂಡಿಯಿಂದ ಗುಂಡಿಗೆ ಹಾರಿಸಿಕೊಂಡು ಹೋದ ಒಂದೇ ತಂತಿಯ ಒಂದು ಟರ್ಮಿನಲ್ ಸಡಿಲವಾದರೆ ಅದರ ಮುಂದಿನ ಎಲ್ಲ ಗುಂಡಿಗಳೂ ಒಟ್ಟಿಗೆ ಸಾಯುತ್ತವೆ. ಸತ್ತ ಗುಂಡಿಗಳು ಎಲ್ಲಿಂದ ಶುರುವಾಗುತ್ತವೆ ಎಂದು ನೋಡಿದರೆ ಸಡಿಲು ಜಾಗ ಸಿಕ್ಕಂತೆಯೇ. ಕೊನೆಯ ಗುಂಡಿಯಿಂದ ತಂತಿಯನ್ನು ಮತ್ತೆ ಗ್ರೌಂಡಿಗೆ ತಂದು ಉಂಗುರ ಮಾಡಿದರೆ ಒಂದು ಕಡೆ ಕಡಿದರೂ ಕೆಲಸ ನಿಲ್ಲುವುದಿಲ್ಲ. ಒಂದೇ ಗುಂಡಿ ಸತ್ತಿದ್ದರೆ ಮಲ್ಟಿಮೀಟರಿನಿಂದ ಆ ಗುಂಡಿಯ ಮೈಕ್ರೋಸ್ವಿಚ್ಚನ್ನು ನೋಡಬೇಕು. ಅದಕ್ಕೆ ಮೂರು ಕಾಲುಗಳಿರುತ್ತವೆ. ತಂತಿ ಎನ್‌ಒ (ಒತ್ತಿದಾಗ ಮುಚ್ಚುವ) ಕಾಲಿನ ಬದಲು ಎನ್‌ಸಿ (ಒತ್ತದಿರುವಾಗ ಮುಚ್ಚಿರುವ) ಕಾಲಿಗೆ ಹೋಗಿದ್ದರೆ ಗುಂಡಿ ಸದಾ ಒತ್ತಿದಂತೆಯೇ ಇದ್ದು, ಒತ್ತಿದಾಗ ಮಾತ್ರ ಬಿಟ್ಟಂತಾಗುತ್ತದೆ. ಹಳೆಯ ಪಿಸಿಗಳು ಅಂಥ ಪೆಟ್ಟಿಗೆಯನ್ನು ಚಾಲೂ ಮಾಡುವಾಗಲೇ ಕೀಲಿಮಣೆ ದೋಷವೆಂದು ನಿಂತುಬಿಡುತ್ತಿದ್ದವು. ಒಮ್ಮೆ ಒತ್ತಿದರೆ ಎರಡು ಬಾರಿ ದಾಖಲಾಗುವುದು ಸವೆದ ಸಂಪರ್ಕದ ಪುಟಿತ. ಅಲ್ಲಿ ಸ್ವಿಚ್ಚನ್ನು ಬದಲಿಸಬೇಕು, ತಂತಿಯನ್ನಲ್ಲ.

ಎನ್‌ಕೋಡರಿನದೇ ಆದ ದೋಷಗಳು ಕಡಿಮೆ. ತೀರ ಹಳೆಯ ಕೆಲವು ಕೀಲಿಮಣೆಗಳ ತಳದಲ್ಲಿ ಎಕ್ಸ್‌ಟಿ, ಎಟಿ ಎಂಬ ಎರಡು ಬಗೆಯ ಪಿಸಿಗಳ ನಡುವೆ ಆರಿಸುವ ಸ್ವಿಚ್ಚಿರುತ್ತದೆ. ಅದು ತಪ್ಪಿದ್ದರೆ ಕಂಪ್ಯೂಟರಿಗೆ ಒಂದೂ ಅರ್ಥವಾಗದು. ಪಿಎಸ್/2 ಪ್ಲಗ್ಗನ್ನು ಕಂಪ್ಯೂಟರ್ ಚಾಲೂ ಇರುವಾಗ ಕಿತ್ತು ಹಾಕಬಾರದು, ಪೋರ್ಟಿನ ಫ್ಯೂಸೇ ಹೋಗಬಹುದು. ತಂತ್ರಾಂಶದ ದೋಷಗಳು ಹೆಚ್ಚು ದಾರಿ ತಪ್ಪಿಸುತ್ತವೆ. ಶಿಫ್ಟ್ ಕೀಲಿಯನ್ನು ಐದು ಬಾರಿ ಒತ್ತಿದರೆ ವಿಂಡೋಸ್ ‘ಸ್ಟಿಕಿ ಕೀಸ್’ ಸೌಲಭ್ಯಕ್ಕಾಗಿ ಆಟ ನಿಲ್ಲಿಸಿ ಪ್ರಶ್ನೆ ಕೇಳುತ್ತದೆ. ಶಿಫ್ಟ್ ಮೊದಲ ಆಟಗಾರನ ನಾಲ್ಕನೆಯ ಗುಂಡಿ! ಆ ಸೌಲಭ್ಯವನ್ನು ಮೊದಲೇ ನಿಲ್ಲಿಸಿಡಬೇಕು. ಒಂದು ಆಟದಲ್ಲಿ ಮಾತ್ರ ಗುಂಡಿ ಕೆಡುತ್ತಿದ್ದರೆ ತಂತಿ ಮುಟ್ಟುವ ಅಗತ್ಯವಿಲ್ಲ. ಮೇಮ್ ಪ್ರತಿ ಆಟದ ಗುಂಡಿಗಳ ಹೊಂದಾಣಿಕೆಯನ್ನು ಪ್ರತ್ಯೇಕ ಕಡತದಲ್ಲಿ ಉಳಿಸಿಕೊಳ್ಳುತ್ತದೆ. ಹಿಂದೆಂದೋ ಬದಲಿಸಿದ್ದು ಅಲ್ಲಿ ಉಳಿದಿರುತ್ತದೆ. ಟ್ಯಾಬ್ ಕೀಲಿ ಒತ್ತಿದರೆ ತೆರೆಯುವ ಪಟ್ಟಿಯಲ್ಲಿ ಅದನ್ನು ನೋಡಬಹುದು.

2012ರಲ್ಲಿ ಬಂದ ರಾಸ್ಪ್‌ಬೆರಿ ಪೈ ಮತ್ತು ಆರ್ಡುಯಿನೋ ಲಿಯೊನಾರ್ಡೋ ಎಂಬ ಪುಟ್ಟ ಬೋರ್ಡುಗಳು ಈ ಕೆಲಸವನ್ನು ಇನ್ನಷ್ಟು ಹಗುರ ಮಾಡಿದವು. ಮೊದಲನೆಯದರಲ್ಲಿ ಗುಂಡಿಗಳನ್ನು ಕಂಪ್ಯೂಟರಿನ ಪಿನ್ನುಗಳಿಗೇ ಜೋಡಿಸಬಹುದು. ಎರಡನೆಯದು ತಾನೇ ಯುಎಸ್‌ಬಿ ಕೀಲಿಮಣೆಯಂತೆ ವರ್ತಿಸುವುದರಿಂದ ಎನ್‌ಕೋಡರಿನ ನಡೆಯನ್ನೇ ಮನೆಯಲ್ಲಿ ಬರೆದುಕೊಳ್ಳಬಹುದು. ಮೇಮ್ 2016ರಲ್ಲಿ ಮುಕ್ತ ತಂತ್ರಾಂಶವಾಯಿತು. ಹೊಸದಾಗಿ ಪೆಟ್ಟಿಗೆ ಕಟ್ಟುವವರು ಯಾವ ಎನ್‌ಕೋಡರ್ ಆರಿಸಿದರೂ, ಯಾವ ಬಣ್ಣದ ತಂತಿ ಯಾವ ಪಿನ್ನಿಗೆ, ಯಾವ ಪಿನ್ನು ಯಾವ ಕೀಲಿಗೆ ಎಂಬ ಪಟ್ಟಿಯನ್ನು ಬರೆದು ಪೆಟ್ಟಿಗೆಯ ಹಿಂಬಾಗಿಲಿನ ಒಳಮೈಗೆ ಅಂಟಿಸಿಡಲಿ.