ಸಣ್ಣ ಕೈಗಾರಿಕೆಗಳ ಬಾಕಿ ಬಿಲ್: ಕಾನೂನು ಏನು ಹೇಳುತ್ತದೆ?

ಬೆಂಗಳೂರು: ತುಮಕೂರು ರಸ್ತೆಯ ಟಿ. ದಾಸರಹಳ್ಳಿ ಹಾಗೂ ಅದಕ್ಕೆ ಹೊಂದಿಕೊಂಡಿರುವ ಪೀಣ್ಯದ ಶೆಡ್‌ಗಳಲ್ಲಿ ಯಂತ್ರಗಳ ಸದ್ದು ಕೇಳುತ್ತಿದ್ದರೆ ಉದ್ದಿಮೆ ಚೆನ್ನಾಗಿ ನಡೆಯುತ್ತಿದೆ ಎಂದು ಭಾವಿಸುವುದು ಸಹಜ. ಆದರೆ ಕೈತುಂಬ ಆರ್ಡರ್ ಇದ್ದೂ ಕಾರ್ಮಿಕರ ಸಂಬಳಕ್ಕೆ ಹಣ ಹೊಂದಿಸಲಾಗದ ಸ್ಥಿತಿ ಸಣ್ಣ ಉದ್ದಿಮೆಗಳಲ್ಲಿ ಅಪರೂಪವಲ್ಲ. ಕಳುಹಿಸಿದ ಮಾಲಿನ ಹಣ ತಿಂಗಳುಗಟ್ಟಲೆ ಕೈಸೇರದಿರುವುದು ಇದಕ್ಕೆ ಮುಖ್ಯ ಕಾರಣ.

ಹಿನ್ನೆಲೆ

ಜಾಲಹಳ್ಳಿ ಭಾಗದಲ್ಲಿ 1950ರ ದಶಕದಲ್ಲಿ ತಲೆಯೆತ್ತಿದ ಎಚ್‌ಎಂಟಿ, ಬಿಇಎಲ್‌ನಂತಹ ಸಾರ್ವಜನಿಕ ಉದ್ದಿಮೆಗಳು ಬಿಡಿಭಾಗ ಪೂರೈಸುವ ಸಣ್ಣ ಘಟಕಗಳಿಗೆ ದಾರಿ ಮಾಡಿಕೊಟ್ಟವು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ರೂಪುಗೊಂಡಿತು. 1959ರಲ್ಲಿ ಸ್ಥಾಪನೆಯಾದ ರಾಜ್ಯ ಹಣಕಾಸು ಸಂಸ್ಥೆ (ಕೆಎಸ್‌ಎಫ್‌ಸಿ) ಶೆಡ್ ಮತ್ತು ಯಂತ್ರಗಳಿಗೆ ದೀರ್ಘಾವಧಿ ಸಾಲ ನೀಡುತ್ತ ಬಂದಿದೆ. ಅಡಮಾನವಿಲ್ಲದ ಸಾಲಕ್ಕೆ ಖಾತರಿ ನೀಡುವ ನಿಧಿಯನ್ನು ಕೇಂದ್ರ ಸರ್ಕಾರ ಹಾಗೂ ಸಿಡ್ಬಿ 2000ದಲ್ಲಿ ಆರಂಭಿಸಿದವು. ಅದರ ಮಿತಿ 2025ರ ಏಪ್ರಿಲ್‌ನಿಂದ 10 ಕೋಟಿ ರೂಪಾಯಿಗೆ ಏರಿದೆ.

ಸಾಲದಿಂದ ಯಂತ್ರವೇನೋ ಬರುತ್ತದೆ. ಆದರೆ ಕಚ್ಚಾ ಮಾಲು, ವಿದ್ಯುತ್ ಬಿಲ್ ಮತ್ತು ಕೂಲಿಗೆ ಪ್ರತಿ ತಿಂಗಳೂ ಹಣ ಬೇಕು. ಸಾಮಾನ್ಯ ಜಿಎಸ್‌ಟಿ ನೋಂದಣಿ ಇರುವ ಘಟಕವು ಖರೀದಿದಾರ ಹಣ ಕೊಡದಿದ್ದರೂ ಬಿಲ್ಲಿನ ಮೇಲಿನ ತೆರಿಗೆಯನ್ನು ಮರುತಿಂಗಳೇ ಕಟ್ಟಬೇಕು.

45 ದಿನದ ನಿಯಮ

2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಂದ ಮಾಲು ಪಡೆದವರು ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನಗಳಲ್ಲಿ, ಇದ್ದರೆ ಗರಿಷ್ಠ 45 ದಿನಗಳಲ್ಲಿ ಹಣ ಪಾವತಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್‌ನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ತೆರಬೇಕು. ಬ್ಯಾಂಕ್ ದರ ಶೇ 6 ಇದ್ದರೆ ಬಡ್ಡಿ ಶೇ 18. ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ.

ದೂರುಗಳನ್ನು ರಾಜ್ಯದ ಫೆಸಿಲಿಟೇಷನ್ ಕೌನ್ಸಿಲ್ ವಿಚಾರಿಸುತ್ತದೆ. 2017ರಿಂದ ‘ಸಮಾಧಾನ್’ ಜಾಲತಾಣದ ಮೂಲಕವೂ ದೂರು ಸಲ್ಲಿಸಬಹುದಾಯಿತು. ತೀರ್ಪನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಗುವ ಖರೀದಿದಾರ ಶೇ 75ರಷ್ಟು ಮೊತ್ತವನ್ನು ಮೊದಲೇ ಠೇವಣಿ ಇಡಬೇಕು.

2023ರ ಹಣಕಾಸು ಕಾಯ್ದೆ ಇನ್ನೊಂದು ಒತ್ತಡ ಸೇರಿಸಿತು. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ನಿಯಮದಂತೆ, ಗಡುವು ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು ಖರೀದಿದಾರ ಹಣ ಪಾವತಿಸಿದ ವರ್ಷದಲ್ಲಷ್ಟೇ ತೆರಿಗೆ ಲೆಕ್ಕದಲ್ಲಿ ವೆಚ್ಚವಾಗಿ ತೋರಿಸಬಹುದು.

ಬಿಲ್ಲಿಗೆ ಮುಂಗಡ ಹಣ

ಬಾಕಿ ಬಿಲ್ಲನ್ನೇ ಹಣವಾಗಿಸುವ ವ್ಯವಸ್ಥೆ ‘ಟ್ರೆಡ್ಸ್’. ರಿಸರ್ವ್ ಬ್ಯಾಂಕ್ 2014ರಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ಸಣ್ಣ ಘಟಕ ಬಿಲ್ ಸಲ್ಲಿಸುತ್ತದೆ. ಖರೀದಿದಾರ ಕಂಪನಿ ಒಪ್ಪಿಗೆ ಸೂಚಿಸುತ್ತದೆ. ಬ್ಯಾಂಕ್‌ಗಳು ಬಡ್ಡಿ ದರ ಹರಾಜು ಕೂಗುತ್ತವೆ. ಬಡ್ಡಿ ಕಳೆದು ಉಳಿದ ಹಣ ಘಟಕಕ್ಕೆ ಸಿಗುತ್ತದೆ. ಗಡುವಿನ ದಿನ ಕಂಪನಿ ಬ್ಯಾಂಕಿಗೆ ಪಾವತಿಸುತ್ತದೆ. ಕಂಪನಿ ತಪ್ಪಿದರೂ ಬ್ಯಾಂಕ್ ಸಣ್ಣ ಘಟಕದ ಮೇಲೆ ಬೀಳುವಂತಿಲ್ಲ. ಮೆಕ್ಸಿಕೋದ ಸರ್ಕಾರಿ ಅಭಿವೃದ್ಧಿ ಬ್ಯಾಂಕ್ ನಫಿನ್ 2001ರಲ್ಲೇ ಇಂತಹ ಯೋಜನೆ ಆರಂಭಿಸಿತ್ತು.

ಸಮಸ್ಯೆ ನಮ್ಮದಷ್ಟೇ ಅಲ್ಲ. ಅಭಿವೃದ್ಧಿಶೀಲ ರಾಷ್ಟ್ರಗಳ ಸಣ್ಣ ಉದ್ದಿಮೆಗಳಿಗೆ ವರ್ಷಕ್ಕೆ 5.2 ಲಕ್ಷ ಕೋಟಿ ಡಾಲರ್ ಹಣಕಾಸಿನ ಕೊರತೆ ಇದೆ ಎಂದು ವಿಶ್ವಬ್ಯಾಂಕ್ ಸಮೂಹದ ಐಎಫ್‌ಸಿ 2017ರಲ್ಲಿ ಅಂದಾಜಿಸಿತ್ತು.

ತೊಡಕು ಎಲ್ಲಿ?

ವಹಿವಾಟು 250 ಕೋಟಿ ರೂಪಾಯಿ ಮೀರಿದ ಕಂಪನಿಗಳು 2025ರ ಮಾರ್ಚ್ 31ರೊಳಗೆ ಟ್ರೆಡ್ಸ್‌ನಲ್ಲಿ ನೋಂದಾಯಿಸಿಕೊಳ್ಳಬೇಕೆಂದು ಕೇಂದ್ರ ಆದೇಶಿಸಿತು. ಆದರೆ ಕಡ್ಡಾಯವಾದದ್ದು ನೋಂದಣಿ ಮಾತ್ರ. ಪ್ರತಿ ಬಿಲ್ಲನ್ನೂ ಅಲ್ಲಿ ಒಪ್ಪಲೇಬೇಕೆಂದಿಲ್ಲ. ಇನ್ನು ಒಬ್ಬಿಬ್ಬರು ಖರೀದಿದಾರರನ್ನೇ ನಂಬಿದ ಘಟಕದ ಮಾಲೀಕ ದೂರು ಕೊಟ್ಟರೆ ಬಾಕಿ ಬರಬಹುದು, ಮುಂದಿನ ಆರ್ಡರ್ ಬಾರದೇ ಹೋಗಬಹುದು. ಹಕ್ಕು ಕಾಗದದ ಮೇಲೆಯೇ ಉಳಿಯಲು ಈ ಭಯವೇ ಕಾರಣ.

ಗಮನಿಸಬೇಕಾದ ಅಂಶಗಳು

* ಮಾಲು ಕಳುಹಿಸುವ ಮುನ್ನವೇ ‘ಉದ್ಯಮ್’ ನೋಂದಣಿ ಮಾಡಿಸುವುದು ಒಳಿತು.
* ಪಾವತಿಯ ಗಡುವು ಆರ್ಡರ್ ಪತ್ರದಲ್ಲಿ ಲಿಖಿತವಾಗಿರಲಿ.
* ಮಾಲು ತಲುಪಿದ 15 ದಿನಗಳಲ್ಲಿ ಖರೀದಿದಾರ ಲಿಖಿತ ಆಕ್ಷೇಪ ಸಲ್ಲಿಸದಿದ್ದರೆ ಮಾಲು ಒಪ್ಪಿದಂತೆಯೇ ಲೆಕ್ಕ. ಹೀಗಾಗಿ ಸಹಿ ಮಾಡಿದ ಡೆಲಿವರಿ ಚಲನ್ ಜೋಪಾನ ಮಾಡಬೇಕು.
* ಮಧ್ಯಮ ಉದ್ದಿಮೆಗಳಿಗೆ 45 ದಿನದ ಈ ರಕ್ಷಣೆ ಇಲ್ಲ.